ಅಂಡನಾಳದ ಗಾಯ ಮತ್ತು ಆಮೇಲಿನ ಎಚ್ಚರ

ಕೈಗೆ ಕತ್ತಿ ತಾಗಿ ಗಾಯವಾದರೆ ಅದು ಮಾಗುವ ಬಗೆಯನ್ನು ನಾವು ದಿನದಿನವೂ ಕಣ್ಣಾರೆ ಕಾಣುತ್ತೇವೆ. ರಕ್ತ ಹೆಪ್ಪುಗಟ್ಟುತ್ತದೆ, ಮೇಲೆ ಹಕ್ಕಳೆ ಕಟ್ಟುತ್ತದೆ, ಕೆಲವು ದಿನಗಳಲ್ಲಿ ಅದು ಉದುರಿ ಕೆಳಗೆ ಹೊಸ ಚರ್ಮ ತೋರುತ್ತದೆ. ಒಂದು ಕಲೆ ಉಳಿದರೂ ಕೈಯ ಕೆಲಸಕ್ಕೆ ಅದರಿಂದ ಅಡ್ಡಿಯಿಲ್ಲ. ನೋವು ಹೋಯಿತೆಂದರೆ ಗಾಯ ವಾಸಿಯಾಯಿತೆಂದು ನಂಬುವ ಅಭ್ಯಾಸ ನಮಗೆ ಬಂದಿರುವುದು ಹೀಗೆ. ಆದರೆ ದೇಹದ ಒಳಗಿನ ಕೆಲವು ಅಂಗಗಳ ವಿಷಯದಲ್ಲಿ ಈ ನಂಬಿಕೆ ನಮ್ಮನ್ನು ಮೋಸಗೊಳಿಸುತ್ತದೆ. ಅಲ್ಲಿ ನೋವು ಅಡಗಿದ ಮೇಲೂ ಗಂಡಾಂತರ ಉಳಿದಿರಬಹುದು. ನೋವೇ ಇಲ್ಲದೆ ಗಾಯವಾಗಿರಲೂ ಬಹುದು. ಸ್ತ್ರೀಶರೀರದ ಅಂಡನಾಳವು ಇಂಥ ಒಂದು ಅಂಗ. ಇದರ ಗಾಯವೆಂದರೇನು, ಆ ಗಾಯಕ್ಕೆ ಚಿಕಿತ್ಸೆಯಾದ ಮೇಲೂ ವೈದ್ಯರು ಮತ್ತೆ ಮತ್ತೆ ಬರಹೇಳುವುದೇಕೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಅವಶ್ಯ. ಏಕೆಂದರೆ ಈ ತಿಳಿವಳಿಕೆಯಿಂದ ಒಂದು ಜೀವ ಉಳಿಯುವ ಸಂದರ್ಭ ಯಾವ ಮನೆಯಲ್ಲಿಯಾದರೂ ಒದಗಬಹುದು.

ನಾಳದ ರಚನೆ

ಗರ್ಭಕೋಶದ ಮೇಲ್ಭಾಗದಿಂದ ಎಡಕ್ಕೊಂದು ಬಲಕ್ಕೊಂದು ಎಂಬಂತೆ ಎರಡು ನಾಳಗಳು ಹೊರಟು ಅಂಡಾಶಯಗಳ ಬಳಿಗೆ ಹೋಗುತ್ತವೆ. ಒಂದೊಂದರ ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಗರ್ಭಕೋಶದ ಗೋಡೆಯನ್ನು ಹಾಯುವಲ್ಲಿ ಇದರ ಒಳದಾರಿ ಒಂದು ಮಿಲಿಮೀಟರಿನಷ್ಟೂ ಅಗಲವಿಲ್ಲ. ಮುಂದೆ ಹೋದಂತೆ ಅದು ಹಿಗ್ಗುತ್ತ, ಕೊನೆಯಲ್ಲಿ ಬೆರಳುಗಳಂಥ ಕುಚ್ಚುಗಳಾಗಿ ಬಿರಿದಿರುತ್ತದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಗೇಬ್ರಿಯೇಲ್ ಫೆಲೋಪಿಯೊ 1561ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿ ತುತ್ತೂರಿಗೆ ಹೋಲಿಸಿದನು. ನಮ್ಮ ದೇವಸ್ಥಾನಗಳ ಉತ್ಸವದಲ್ಲಿ ಊದುವ ಕೊಂಬನ್ನು ನೋಡಿದವರಿಗೆ ಈ ಹೋಲಿಕೆ ಸುಲಭವಾಗಿ ಮನಸ್ಸಿಗೆ ಬಂದೀತು. ಆತನ ಹೆಸರಿನಿಂದಲೇ ಇದನ್ನು ಫೆಲೋಪಿಯನ್ ನಾಳವೆಂದು ಕರೆಯುವುದು ವಾಡಿಕೆ.

ಇದು ಬರಿಯ ಕೊಳವೆಯೆಂದು ಭಾವಿಸಿದರೆ ತಪ್ಪಾದೀತು. ಇದರ ಒಳಮೈ ಅನೇಕ ಮಡಿಕೆಗಳಿಂದ ಕೂಡಿದೆ. ಆ ಮಡಿಕೆಗಳ ಮೇಲೆ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಅಸಂಖ್ಯ ರೋಮಗಳಿವೆ. ಗಾಳಿಗೆ ಬಾಗುವ ಬತ್ತದ ಪೈರಿನಂತೆ ಅವು ಒಂದೇ ದಿಕ್ಕಿಗೆ ಬೀಸುತ್ತಿರುತ್ತವೆ. ತಿಂಗಳಿಗೊಮ್ಮೆ ಅಂಡಾಶಯದಿಂದ ಹೊರಬೀಳುವ ಅಂಡದ ಅಡ್ಡಳತೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ನಾಳದ ಕುಚ್ಚುಗಳು ಅದನ್ನು ಒಳಕ್ಕೆ ಬರಮಾಡಿಕೊಳ್ಳುತ್ತವೆ. ವೀರ್ಯಾಣುವಿನೊಡನೆ ಅದರ ಸಂಯೋಗವಾಗುವುದೂ ನಾಳದ ಅಗಲವಾದ ಭಾಗದಲ್ಲಿಯೇ. ಹೀಗೆ ಫಲಿತವಾದ ಅಂಡವು ಒಡೆದು ಎರಡು, ನಾಲ್ಕು, ಎಂಟು ಕೋಶಗಳಾಗುತ್ತ, ರೋಮಗಳ ಬೀಸಿಗೂ ನಾಳದ ಸ್ನಾಯುಗಳ ಚಲನೆಗೂ ಒಳಗಾಗಿ, ಮೂರು ನಾಲ್ಕು ದಿನಗಳಲ್ಲಿ ಗರ್ಭಕೋಶವನ್ನು ಸೇರುತ್ತದೆ. ಅಂಡಕ್ಕೆ ತಾನಾಗಿ ಈಜುವ ಶಕ್ತಿಯಿಲ್ಲ. ಆದುದರಿಂದ ದಾರಿ ತೆರೆದಿದ್ದರೆ ಸಾಲದು, ಸಾಗಿಸುವ ವ್ಯವಸ್ಥೆಯೂ ಸರಿಯಾಗಿರಬೇಕು.

ಗಾಯವಾಗುವ ಬಗೆ

ಅಂಡನಾಳಕ್ಕೆ ಗಾಯವಾಗುವ ಕಾರಣಗಳಲ್ಲಿ ಸೋಂಕು ಮುಖ್ಯವಾದುದು. ಕ್ಲಮಿಡಿಯ, ಗೊನೊರಿಯ ಮೊದಲಾದ ಸೂಕ್ಷ್ಮಜೀವಿಗಳು ಗರ್ಭಕೋಶದ ಮೂಲಕ ನಾಳವನ್ನು ಸೇರಿ ಅದರ ಒಳಮೈಯನ್ನು ಕೆಡಿಸುತ್ತವೆ. ಕ್ಲಮಿಡಿಯ ಸೋಂಕಿನಲ್ಲಿ ಅನೇಕರಿಗೆ ಯಾವ ನೋವೂ ಜ್ವರವೂ ಕಾಣುವುದಿಲ್ಲ. ಹೆರಿಗೆಯ ಅನಂತರ ಅಥವಾ ತರಬೇತಿಯಿಲ್ಲದವರ ಕೈಯಿಂದಾದ ಗರ್ಭಪಾತದ ಅನಂತರ ಉಂಟಾಗುವ ನಂಜು, ಒಡೆದ ಅಪೆಂಡಿಕ್ಸಿನ ಕೀವು, ಕೆಳಹೊಟ್ಟೆಯ ಶಸ್ತ್ರಚಿಕಿತ್ಸೆಗಳಿಂದ ಉಳಿಯುವ ಅಂಟುಗಳು, ಇವು ಇತರ ಕಾರಣಗಳು.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣವುಂಟು, ಅದೇ ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಕ್ಷಯವೆಂದರೆ ಶ್ವಾಸಕೋಶದ ರೋಗವೆಂದೇ ಜನರ ಭಾವನೆ. ಆದರೆ ಕ್ಷಯದ ಕ್ರಿಮಿ ರಕ್ತದ ಮೂಲಕ ಜನನಾಂಗಗಳಿಗೂ ಹೋಗುತ್ತದೆ. ಹಾಗೆ ಹೋದಾಗ ಅದು ಹೆಚ್ಚಾಗಿ ಮೊದಲು ನೆಲೆಸುವುದು ಅಂಡನಾಳಗಳಲ್ಲಿ, ಸಾಮಾನ್ಯವಾಗಿ ಎರಡರಲ್ಲಿಯೂ. ಕೆಮ್ಮಿಲ್ಲ, ಕಫವಿಲ್ಲ, ಬಹಳ ವರ್ಷಗಳ ಮೇಲೆ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದಾಗಲೇ ರೋಗ ಬಯಲಿಗೆ ಬರುವುದುಂಟು.

ಗಾಯ ಮಾಗುವಾಗ ಏನಾಗುತ್ತದೆ? ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ; ರೋಮಗಳಿದ್ದ ಜಾಗದಲ್ಲಿ ಬೋಳು ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಕುಸಿದ ಮಣ್ಣನ್ನು ತೆಗೆಯದೆ ಬಿಟ್ಟರೆ ತೋಡಿನ ನೀರು ಅಲ್ಲಲ್ಲಿ ನಿಲ್ಲುವುದಿಲ್ಲವೆ? ಹಾಗೆಯೇ ಇಲ್ಲಿ ಅಂಡದ ಪಯಣ ನಡುದಾರಿಯಲ್ಲಿ ನಿಲ್ಲುತ್ತದೆ. ದಾರಿ ಪೂರ್ತಿ ಮುಚ್ಚಿದ್ದರೆ ಗರ್ಭವೇ ನಿಲ್ಲದು. ಅರ್ಧ ಮುಚ್ಚಿದ್ದರೆ ಅದಕ್ಕಿಂತ ಭಯಂಕರವಾದ ಸ್ಥಿತಿ ಒದಗಬಹುದು. ವೀರ್ಯಾಣುವು ಸೂಕ್ಷ್ಮವಾದುದರಿಂದ ತೂರಿ ಬರುತ್ತದೆ. ಆದರೆ ಫಲಿತ ಅಂಡ ಹಿಂದಿರುಗಲಾರದೆ ನಾಳದಲ್ಲಿಯೇ ಬೇರುಬಿಡುತ್ತದೆ.

ನಾಳಗರ್ಭವೆಂಬ ಗಂಡಾಂತರ

ಇದನ್ನೇ ನಾಳಗರ್ಭವೆನ್ನುವುದು. ನೂರು ಗರ್ಭಗಳಲ್ಲಿ ಒಂದೆರಡು ಗರ್ಭಕೋಶದ ಹೊರಗೆ ನಿಲ್ಲುತ್ತವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಂಡನಾಳದಲ್ಲಿ ನಿಲ್ಲುವಂಥವು. ಗರ್ಭಕೋಶವು ಬೆಳೆಯುವ ಶಿಶುವಿಗೆ ತಕ್ಕಂತೆ ಹಿಗ್ಗಬಲ್ಲುದು. ನಾಳಕ್ಕೆ ಆ ಸಾಮರ್ಥ್ಯವಿಲ್ಲ. ಗರ್ಭದ ಆರೇಳು ವಾರಗಳ ಹೊತ್ತಿಗೆ ನಾಳ ಬಿರಿದು, ಹೊಟ್ಟೆಯೊಳಗೆ ರಕ್ತ ಸುರಿಯತೊಡಗಬಹುದು. ಮುಟ್ಟು ತಪ್ಪಿರುವುದು, ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ಸ್ವಲ್ಪ ರಕ್ತಸ್ರಾವ ಇವು ಮೊದಲ ಚಿಹ್ನೆಗಳು. ತಲೆಸುತ್ತು, ಬೆವರು, ಭುಜದ ತುದಿಯಲ್ಲಿ ನೋವು ಕಂಡರೆ ಒಳಗೆ ರಕ್ತ ಹರಿಯುತ್ತಿದೆಯೆಂದು ಶಂಕಿಸಬೇಕು. ಹೊಟ್ಟೆಯ ಗಾಯಕ್ಕೆ ಭುಜ ನೋಯುವುದೇಕೆಂದು ಓದುಗರು ಕೇಳಬಹುದು. ಹೊಟ್ಟೆಯಲ್ಲಿ ನಿಂತ ರಕ್ತವು ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಭುಜದ ನರವೂ ಕತ್ತಿನಲ್ಲಿ ಮಿದುಳುಬಳ್ಳಿಯ ಒಂದೇ ಮಟ್ಟದಿಂದ ಹೊರಡುವುದರಿಂದ ಮಿದುಳು ಅದನ್ನು ಭುಜದ ನೋವೆಂದು ಭ್ರಮಿಸುತ್ತದೆ.

ಹಿಂದಿನ ಕಾಲದಲ್ಲಿ ಬಿರಿದ ನಾಳಗರ್ಭವೆಂದರೆ ಬಹುಮಟ್ಟಿಗೆ ಮರಣವೇ. 1883ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಾಸನ್ ಟೇಟ್ ಎಂಬ ಶಸ್ತ್ರವೈದ್ಯನು ಹೊಟ್ಟೆ ತೆರೆದು, ರಕ್ತ ಸುರಿಯುತ್ತಿದ್ದ ನಾಳವನ್ನು ಕಟ್ಟಿ ತೆಗೆದು, ರೋಗಿಯನ್ನು ಉಳಿಸಿದನು. ಈ ರೋಗದ ಶಸ್ತ್ರಚಿಕಿತ್ಸೆಯ ಇತಿಹಾಸ ಅಲ್ಲಿಂದ ಆರಂಭವಾಗುತ್ತದೆ.

ಪೆರ್ಡೂರಿನಿಂದ ಮಣಿಪಾಲಕ್ಕೆ

ಈಗ ನಮ್ಮ ನಾಡಿನ ಒಂದು ಊರನ್ನು ನೋಡೋಣ. ಉಡುಪಿಯಿಂದ ಮಣಿಪಾಲ, ಹಿರಿಯಡಕಗಳ ಮೇಲೆ ಹೆಬ್ರಿ, ಆಗುಂಬೆಗಳಿಗೆ ಹೋಗುವ ರಸ್ತೆಯಲ್ಲಿ ಪೆರ್ಡೂರು ಇದೆ. ಅನಂತಪದ್ಮನಾಭ ದೇವಸ್ಥಾನದಿಂದಲೂ ಯಕ್ಷಗಾನ ಮೇಳದಿಂದಲೂ ಹೆಸರಾದ ಊರು ಇದು. ನೂರು ವರ್ಷಗಳ ಹಿಂದೆ ಇಲ್ಲಿಯ ಗೃಹಿಣಿಯೊಬ್ಬಳಿಗೆ ನಾಳಗರ್ಭ ಬಿರಿದಿದ್ದರೆ ಗತಿಯೇನಾಗುತ್ತಿತ್ತು? ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದದ್ದು 1923ರಲ್ಲಿ. ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು 1953ರಲ್ಲಿ. ಅಲ್ಲಿಯ ಕಸ್ತೂರ್ಬಾ ಆಸ್ಪತ್ರೆ 1961ರದು. ಇಂದು ಪೆರ್ಡೂರಿನಿಂದ ಮಣಿಪಾಲಕ್ಕೆ 20 ಕಿಲೋಮೀಟರಿನೊಳಗಿನ ದಾರಿ. 2008ರಿಂದ ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಹಾಗಾದರೆ ಕಷ್ಟ ತೀರಿತೆ? ಅರ್ಧ ತೀರಿತು. ಒಮ್ಮೆ ಆಸ್ಪತ್ರೆಗೆ ಹೋಗುವುದಕ್ಕೆ ದಾರಿಯಾಯಿತು. ಆದರೆ ನೋವು ಅಡಗಿದ ಮೇಲೆ ಎರಡನೆಯ ಸಲ, ಮೂರನೆಯ ಸಲ ಹೋಗುವವರಾರು? ಮನೆಯ ಕೆಲಸ, ತೋಟದ ಕೆಲಸ, ಬೀಡಿ ಕಟ್ಟುವ ಕೆಲಸ, ಬಸ್ಸಿನ ಖರ್ಚು, ಆಟಿಯ ಮಳೆ, ಜೊತೆಗೆ ಇಂಥ ರೋಗವನ್ನು ಹೇಳಿಕೊಳ್ಳಲು ಸಂಕೋಚ, ಇಷ್ಟನ್ನೂ ದಾಟಿ ಹೋಗಬೇಕು. ಅಂಡನಾಳದ ಗಾಯದಲ್ಲಿ ಬಹುಪಾಲು ಅನಾಹುತಗಳನ್ನು ತಡೆಯಬಲ್ಲುದು ಈ ಎರಡನೆಯ ಮತ್ತು ಮೂರನೆಯ ಪಯಣಗಳೇ.

ಚಿಕಿತ್ಸೆಯ ಮೂರು ದಾರಿಗಳು

ನಾಳಗರ್ಭವನ್ನು ಪತ್ತೆಮಾಡಲು ಇಂದು ಎರಡು ಸಾಧನಗಳಿವೆ: ಅಲ್ಟ್ರಾಸೌಂಡ್ ಚಿತ್ರ ಮತ್ತು ರಕ್ತದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನಿನ ಅಳತೆ. ಗರ್ಭದ ಹೊರಪದರದ ಕೋಶಗಳು ಈ ಹಾರ್ಮೋನನ್ನು ತಯಾರಿಸುತ್ತವೆ. ಸಹಜ ಗರ್ಭದ ಆರಂಭದಲ್ಲಿ ಎರಡು ದಿನಗಳಿಗೊಮ್ಮೆ ಇದರ ಪ್ರಮಾಣ ಸುಮಾರಾಗಿ ಇಮ್ಮಡಿಯಾಗುತ್ತದೆ. ನಾಳಗರ್ಭದಲ್ಲಿ ಹೆಚ್ಚಾಗಿ ಅಷ್ಟು ವೇಗವಾಗಿ ಏರುವುದಿಲ್ಲ.

ನಾಳ ಬಿರಿದಿದ್ದರೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ ಆ ನಾಳವನ್ನು ತೆಗೆಯಬೇಕಾಗುವುದು. ಬಿರಿಯದಿದ್ದರೆ, ಕೆಲವರಲ್ಲಿ ನಾಳವನ್ನು ಉದ್ದಕ್ಕೆ ಸೀಳಿ, ಗರ್ಭವನ್ನು ಮಾತ್ರ ತೆಗೆದು, ನಾಳವನ್ನು ಉಳಿಸುವುದುಂಟು. ಇನ್ನೂ ಮೊದಲೇ ಗೊತ್ತಾಗಿ, ಹಾರ್ಮೋನು ಕಡಿಮೆಯಿದ್ದು, ಗರ್ಭದಲ್ಲಿ ಹೃದಯದ ಬಡಿತ ಕಾಣದಿದ್ದರೆ ಮೆಥೊಟ್ರೆಕ್ಸೇಟ್ ಎಂಬ ಔಷಧದ ಚುಚ್ಚುಮದ್ದೇ ಸಾಕಾಗಬಹುದು.

ಈ ಔಷಧದ ಹಿಂದೆ ಒಬ್ಬ ಭಾರತೀಯನ ಶ್ರಮವಿದೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯಿಂದ ಫೋಲಿಕ್ ಆಮ್ಲವನ್ನೂ ಅದರ ವಿರೋಧಿಗಳನ್ನೂ ತಯಾರಿಸುವುದು ಸಾಧ್ಯವಾಯಿತು. ಕೋಶವೊಂದು ಎರಡಾಗಬೇಕಾದರೆ ಫೋಲಿಕ್ ಆಮ್ಲ ಬೇಕೇ ಬೇಕು. ಮೆಥೊಟ್ರೆಕ್ಸೇಟ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ಆಗ ಶೀಘ್ರವಾಗಿ ಬೆಳೆಯುತ್ತಿರುವ ಕೋಶಗಳು ಸಾಯುತ್ತವೆ. ರಕ್ತದ ಕ್ಯಾನ್ಸರಿಗೆ ಬಳಸುತ್ತಿದ್ದ ಈ ಔಷಧವನ್ನು ನಾಳಗರ್ಭಕ್ಕೆ ಪ್ರಯೋಗಿಸಿದ ಮೊದಲ ವರದಿ 1982ರಲ್ಲಿ ಜಪಾನಿನಿಂದ ಬಂದಿತು.

ಮತ್ತೆ ಮತ್ತೆ ಬರಬೇಕೇಕೆ?

ಚುಚ್ಚುಮದ್ದು ಕೊಟ್ಟ ದಿನವೇ ನಾಳಗರ್ಭ ಮಾಯವಾಗುವುದಿಲ್ಲ. ಮದ್ದು ಕೊಟ್ಟ ನಾಲ್ಕನೆಯ ಮತ್ತು ಏಳನೆಯ ದಿನಗಳಲ್ಲಿ ರಕ್ತವನ್ನು ಪರೀಕ್ಷಿಸುತ್ತಾರೆ. ಈ ಎರಡು ಅಳತೆಗಳ ನಡುವೆ ಹಾರ್ಮೋನು ನೂರಕ್ಕೆ 15ರಷ್ಟಾದರೂ ಇಳಿದಿರಬೇಕು. ಇಳಿಯದಿದ್ದರೆ ಇನ್ನೊಂದು ಚುಚ್ಚುಮದ್ದೋ ಶಸ್ತ್ರಚಿಕಿತ್ಸೆಯೋ ಬೇಕಾಗುತ್ತದೆ. ಇಳಿದರೂ ವಾರಕ್ಕೊಮ್ಮೆ ಪರೀಕ್ಷೆ ನಡೆಯಬೇಕು. ಹಾರ್ಮೋನು ಪೂರ್ತಿ ಇಲ್ಲವಾಗುವವರೆಗೂ ನಡೆಯಬೇಕು. ಇದಕ್ಕೆ ನಾಲ್ಕಾರು ವಾರಗಳೇ ಹಿಡಿಯಬಹುದು. ಹಾರ್ಮೋನು ಇಳಿಯುತ್ತಿರುವಾಗಲೂ ನಾಳ ಬಿರಿದ ಸಂದರ್ಭಗಳುಂಟು. ಆದುದರಿಂದ ಹಠಾತ್ತಾಗಿ ನೋವು ಬಂದರೆ, ತಲೆ ಸುತ್ತಿದರೆ, ಮುಂದಿನ ಪರೀಕ್ಷೆಯ ದಿನವನ್ನು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಇಲ್ಲಿ ನಮ್ಮ ಮನೆಗಳಲ್ಲಿ ಸುಲಭವಾಗಿ ನಡೆದುಹೋಗಬಹುದಾದ ಒಂದು ತಪ್ಪನ್ನು ಹೇಳಲೇಬೇಕು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ನೀವೆಲ್ಲ ಬಲ್ಲಿರಿ. ಗರ್ಭಿಣಿಯರಿಗೆ ಕೊಡುವುದು ಕೆಂಪು ಮಾತ್ರೆ. ಎರಡರಲ್ಲಿಯೂ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲವಿದೆ. ಇತರ ಕಾಲದಲ್ಲಿ ಇದು ಅಮೃತಪ್ರಾಯವೇ ಸರಿ. ಆದರೆ ಮೆಥೊಟ್ರೆಕ್ಸೇಟ್ ಪಡೆದವಳು, ನಿಶ್ಶಕ್ತಿಯಾಗಿದೆಯೆಂದು ಅದನ್ನು ನುಂಗಿದರೆ, ಔಷಧದ ಕೆಲಸವನ್ನು ತಾನೇ ಕೆಡಿಸಿದಂತೆ. ವೈದ್ಯರು ಮತ್ತೆ ಹೇಳುವವರೆಗೆ ಆ ಮಾತ್ರೆಯನ್ನು ಮುಟ್ಟಬಾರದು, ಅಂಗಡಿಯಿಂದ ನೋವಿನ ಮಾತ್ರೆಗಳನ್ನು ಕೇಳದೆ ತರಬಾರದು, ಮದ್ಯ ಕೂಡದು. ಕನಿಷ್ಠ ಮೂರು ತಿಂಗಳು ಮತ್ತೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಏಕೆಂದರೆ ಉಳಿದ ಔಷಧವು ಬೆಳೆಯುವ ಶಿಶುವಿಗೆ ಹಾನಿಕರ.

ನಾಳವನ್ನು ಸೀಳಿ ಉಳಿಸಿದ ಕಡೆಯಲ್ಲಿಯೂ ವಾರವಾರದ ಪರೀಕ್ಷೆ ತಪ್ಪದು. ಕಣ್ಣಿಗೆ ಕಾಣದಷ್ಟು ಗರ್ಭದ ಕೋಶಗಳು ಒಳಗೆ ಉಳಿದಿದ್ದರೆ ಅವು ಮತ್ತೆ ಬೆಳೆಯುತ್ತವೆ. ನಾಳವನ್ನೇ ತೆಗೆದಿದ್ದರೆ ಈ ಭಯ ಕಡಿಮೆ. ಆದರೂ ಹೊಲಿಗೆಯ ಗಾಯವನ್ನೂ ರಕ್ತಹೀನತೆಯನ್ನೂ ನೋಡಿಕೊಳ್ಳಬೇಕು. ತೆಗೆದ ಭಾಗದ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಬೇಕು. ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ 72 ಗಂಟೆಗಳೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕೆ ಎಂದು ವೈದ್ಯರನ್ನು ಕೇಳಬೇಕು. ಮುಂದಿನ ಶಿಶುವನ್ನು ಕಾಪಾಡುವುದು ಅದರ ಉದ್ದೇಶ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಮುಂದಿನ ಗರ್ಭದ ಕಾಲದ್ದು. ಒಮ್ಮೆ ನಾಳಗರ್ಭವಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಮರುಕಳಿಸುತ್ತದೆ. ಒಂದು ನಾಳವನ್ನು ಕೆಡಿಸಿದ ಸೋಂಕು ಇನ್ನೊಂದನ್ನೂ ಮುಟ್ಟಿರುವುದು ಸಹಜವಷ್ಟೆ. ಆದುದರಿಂದ ಮುಟ್ಟು ತಪ್ಪಿದ ಕೂಡಲೇ ಆಸ್ಪತ್ರೆಗೆ ಹೋಗಿ ಹಿಂದಿನ ಸಂಗತಿಯನ್ನು ಹೇಳಬೇಕು. ಆರು ಏಳು ವಾರಗಳ ಹೊತ್ತಿಗೆ ಗರ್ಭವು ಸರಿಯಾದ ಸ್ಥಳದಲ್ಲಿದೆಯೆಂದು ಅಲ್ಟ್ರಾಸೌಂಡಿನಿಂದ ಖಚಿತಪಡಿಸಿಕೊಳ್ಳಬೇಕು. ತಾಯಿ ಕಾರ್ಡಿನಲ್ಲಿ ಇದನ್ನು ಬರೆಯಿಸಿಕೊಂಡರೆ ಯಾವ ಆಸ್ಪತ್ರೆಗೆ ಹೋದರೂ ವೈದ್ಯರಿಗೆ ತಿಳಿಯುತ್ತದೆ.

ಬೇಕೆಂದೇ ಮಾಡಿದ ಗಾಯ

ಇನ್ನೊಂದು ಬಗೆಯ ಗಾಯವುಂಟು. ಅದನ್ನು ನಾವೇ ಮಾಡಿಸುತ್ತೇವೆ. ಮಕ್ಕಳು ಸಾಕೆಂದು ಮಾಡಿಸಿಕೊಳ್ಳುವ ಆಪರೇಷನ್ನಿನಲ್ಲಿ ಅಂಡನಾಳಗಳನ್ನು ಕಟ್ಟಿ ಕತ್ತರಿಸುತ್ತಾರೆ ಅಥವಾ ಉಂಗುರ ತೊಡಿಸುತ್ತಾರೆ. ಕುಟುಂಬ ಯೋಜನೆಯ ವಿಷಯದಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರಕಾರದ ವತಿಯಿಂದ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಪುರುಷರ ಆಪರೇಷನ್ ಇದಕ್ಕಿಂತ ಸುಲಭವೂ ಕ್ಷೇಮಕರವೂ ಆಗಿದ್ದರೂ ಅದನ್ನು ಮಾಡಿಸಿಕೊಂಡವರು ಬೆರಳೆಣಿಕೆಯಷ್ಟು. ಇದು ಯೋಚಿಸತಕ್ಕ ವಿಷಯ.

ಈ ಗಾಯಕ್ಕೂ ಅನಂತರದ ಆರೈಕೆ ಬೇಕು. 48 ಗಂಟೆಗಳೊಳಗೆ ಒಮ್ಮೆ, ಏಳನೆಯ ದಿನ ಹೊಲಿಗೆ ನೋಡಲು ಒಮ್ಮೆ, ಒಂದು ತಿಂಗಳ ಮೇಲೆ ಅಥವಾ ಮುಂದಿನ ಮುಟ್ಟಿನ ಅನಂತರ ಒಮ್ಮೆ ತಪಾಸಣೆಯಾಗಬೇಕೆಂಬುದು ಭಾರತ ಸರಕಾರದ ನಿಯಮ. ಆಪರೇಷನ್ ಆದಮೇಲೆ ಗರ್ಭ ನಿಲ್ಲುವುದೇ ಇಲ್ಲವೆಂಬುದು ಸರಿಯಲ್ಲ. ಅಮೆರಿಕದಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಸ್ತ್ರೀಯರನ್ನು ಬಹುಕಾಲ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹತ್ತು ವರ್ಷಗಳಲ್ಲಿ ಸಾವಿರಕ್ಕೆ ಸುಮಾರು 18 ಮಂದಿಗೆ ಗರ್ಭ ನಿಂತಿತು. ಹಾಗೆ ನಿಂತವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗರ್ಭಕೋಶದ ಹೊರಗೆ ನಿಂತವು. ಆದುದರಿಂದ ಆಪರೇಷನ್ ಆದ ತಾಯಿಗೆ ಮುಟ್ಟು ತಪ್ಪಿ ಹೊಟ್ಟೆನೋವು ಬಂದರೆ ಅದನ್ನು ಗ್ಯಾಸೆಂದು ತಳ್ಳಿಹಾಕಬಾರದು.

ಮುಚ್ಚಿದ ದಾರಿಯನ್ನು ಬಳಸಿ

ಗಾಯ ಮಾಗಿದ ನಾಳ ತೆರೆದಿದೆಯೋ ಇಲ್ಲವೋ ಎಂದು ನೋಡಲು, ಗರ್ಭಕೋಶಕ್ಕೆ ಕ್ಷಕಿರಣವನ್ನು ತಡೆಯುವ ದ್ರವವನ್ನು ಸೇರಿಸಿ ಚಿತ್ರ ತೆಗೆಯುವ ಕ್ರಮವನ್ನು 1914ರಲ್ಲಿ ಅಮೆರಿಕದ ಕೇರಿ ಮತ್ತು ರೂಬಿನ್ ಎಂಬ ವೈದ್ಯರು ಆರಂಭಿಸಿದರು. ಸುಧಾರಿಸಿದ ರೂಪದಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ ಲ್ಯಾಪರೊಸ್ಕೋಪ್ ಎಂಬ ಉದರದರ್ಶಕದಿಂದ ನೇರವಾಗಿ ನೋಡುವುದೂ ಉಂಟು. ಆದರೆ ದ್ರವ ಹರಿಯಿತೆಂದ ಮಾತ್ರಕ್ಕೆ ನಾಳ ಆರೋಗ್ಯವಾಗಿದೆಯೆಂದು ಹೇಳಲಾಗದು. ರೋಮಗಳು ನಾಶವಾದ ನಾಳದಲ್ಲಿಯೂ ದ್ರವ ಹರಿದೀತು, ಅಂಡ ಸಾಗದು.

ಎರಡು ನಾಳಗಳೂ ಕೆಟ್ಟವರಿಗೆ ಮಕ್ಕಳ ಆಸೆಯೇ ಇಲ್ಲವೆನ್ನುವ ಕಾಲವೊಂದಿತ್ತು. ಇಂಗ್ಲೆಂಡಿನ ಲೆಸ್ಲಿ ಬ್ರೌನ್ ಎಂಬಾಕೆಯ ಅಂಡನಾಳಗಳು ಮುಚ್ಚಿಹೋಗಿದ್ದವು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೊ ಮತ್ತು ಜೀನ್ ಪರ್ಡಿ ಅವರು ಆಕೆಯ ಅಂಡವನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ಫಲಿತಗೊಳಿಸಿ, ಗರ್ಭಕೋಶದಲ್ಲಿರಿಸಿದರು. 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಜನಿಸಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಹುಟ್ಟಿದ ಮಗುವಿಗೆ ದುರ್ಗಾ ಎಂಬ ಹೆಸರಾಯಿತು. ಅವರ ಸಾಧನೆಯನ್ನು ಆಗ ಯಾರೂ ನಂಬಲಿಲ್ಲ; ಮನ್ನಣೆ ದೊರೆತದ್ದು 1981ರಲ್ಲಿ ಅವರು ತೀರಿಕೊಂಡ ಬಹುಕಾಲದ ಮೇಲೆ. ಈ ಚಿಕಿತ್ಸೆ ಈಗ ಮಣಿಪಾಲದಲ್ಲಿಯೂ ಉಂಟು. ಖರ್ಚು ಹೆಚ್ಚು, ಫಲ ನಿಶ್ಚಿತವಲ್ಲ. ಆದರೂ ಕೆಟ್ಟ ನಾಳವನ್ನು ಬಳಸಿ ಹೋಗುವ ದಾರಿಯೊಂದು ತೆರೆದಿದೆ.

ಇಷ್ಟು ದೊಡ್ಡ ವಿದ್ಯೆಯಿದ್ದರೂ, ಪೆರ್ಡೂರಿನಂಥ ಊರಿನ ಒಬ್ಬ ತಾಯಿಯ ಜೀವ ಉಳಿಯುವುದು ಅನೇಕ ವೇಳೆ ಒಂದು ಚೀಟಿಯ ಮೇಲೆ ಬರೆದ ಮುಂದಿನ ಪರೀಕ್ಷೆಯ ತಾರೀಖಿನಿಂದ. ಆ ಚೀಟಿಯನ್ನು ಓದಬಲ್ಲ ವಿದ್ಯಾರ್ಥಿಗಳು ಮನೆಮನೆಯಲ್ಲಿದ್ದಾರೆ. ಮನೆಯ ಹೆಂಗಸರು ಆಸ್ಪತ್ರೆಯಿಂದ ಬಂದರೆ ಅವರ ಕಾಗದಗಳನ್ನು ಜೋಪಾನವಾಗಿಡಿರಿ. ಮುಂದಿನ ತಾರೀಖು ಯಾವುದೆಂದು ನೋಡಿರಿ. “ನೋವಿಲ್ಲ, ಇನ್ನೇಕೆ ಹೋಗಬೇಕು?” ಎಂದು ಅವರು ಕೇಳಿದರೆ, ಹಾರ್ಮೋನು ಇನ್ನೂ ಇಳಿದು ಮುಗಿದಿಲ್ಲವೆಂದು ತಿಳಿಯಹೇಳಿ ಅವರ ಜೊತೆಗೆ ಬಸ್ಸು ಹತ್ತಿರಿ.